ಪಿಕಪ್‌ಗೊಂದು ಊದುಗೊಳವೆ

ಕಳೆದ ವರ್ಷ ಈದ್ ಮುಗಿದು ಎರಡು ವಾರ ಆಗಿರಬಹುದು. ರಾತ್ರಿ ಊಟದ ಪಾತ್ರೆ ತೊಳೆಯುತ್ತಿದ್ದೆ. ಮಗ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ಅವನು ಹಾಗೆ ನಿಂತರೆ ಏನೋ ಕೇಳಲಿಕ್ಕಿದೆ ಎಂದೇ ಅರ್ಥ. ಐದನೇ ತರಗತಿಯಲ್ಲಿ ಸೈಕಲ್ ಕೇಳುವಾಗಲೂ ಹೀಗೆಯೇ ನಿಂತಿದ್ದ.

"ಉಮ್ಮಾ, ಆ ಎರಡು ಬಳೆ ಸಿಗಬಹುದಾ? ಒಂದು ವರ್ಷದಲ್ಲಿ ಬಿಡಿಸಿ ಕೊಡ್ತೇನೆ."

"ಯಾವುದಕ್ಕೆ?"

"ಗಾಡಿಗೆ ಸೂಪರ್‌ಚಾರ್ಜರ್ ಹಾಕಿಸಲಿಕ್ಕೆ."

ಚಾರ್ಜರ್ ಎಂದರೆ ನನಗೆ ಮೊಬೈಲಿನದ್ದು ಮಾತ್ರ ಗೊತ್ತು. ಅದಕ್ಕೆ ಬಳೆ ಅಡವಿಡಬೇಕೇ ಎಂದು ನಗು ಬಂತು. ಆದರೆ ಅವನ ಮುಖ ನೋಡಿದಾಗ ನಗಲಾಗಲಿಲ್ಲ. ಆ ಬಳೆಗಳು ನನ್ನ ಮಹ್ರ್‌ನವು. ಮಗಳ ಮದುವೆಗೆಂದು ಎತ್ತಿಟ್ಟಿದ್ದೆ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಕೇಳಿದನೆಂದರೆ ಅವನ ತಲೆಯೊಳಗೆ ಇದು ಎಷ್ಟು ದಿನದಿಂದ ಕುದಿಯುತ್ತಿದ್ದಿರಬೇಕು!

ನಮ್ಮದು ಪುತ್ತೂರಿನ ಸಮೀಪದ ಊರು. ಮಗ ಪಿಕಪ್‌ನಲ್ಲಿ ಮೀನು ಸಾಗಿಸುತ್ತಾನೆ. ನಡುರಾತ್ರಿ ಮಂಗಳೂರಿನ ಧಕ್ಕೆಗೆ ಹೋಗಿ ಮೀನು ತುಂಬಿಸಿ, ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ ಮುಟ್ಟಿಸಬೇಕು. ಒಂದು ದಿಕ್ಕಿಗೆ ಸುಮಾರು 138 ಕಿಲೋಮೀಟರ್. ಗಾಡಿ ಹನ್ನೊಂದು ವರ್ಷ ಹಳತು. ಎರಡೂವರೆ ಲೀಟರಿನ ಡೀಸೆಲ್ ಇಂಜಿನ್, ಟರ್ಬೊ ಇಲ್ಲದ ಮಾಡೆಲ್. ಇವರು ಸೌದಿಯಿಂದ ಮರಳಿ ಬಂದಾಗ ಸೆಕೆಂಡ್ ಹ್ಯಾಂಡ್ ತೆಗೆದದ್ದು. ಸಕ್ಕರೆ ಕಾಯಿಲೆಯಿಂದ ಇವರ ಕಣ್ಣು ಮಂಜಾದ ಮೇಲೆ ಸ್ಟೇರಿಂಗ್ ಮಗನ ಕೈಗೆ ಹೋಯಿತು. ಆಗ ಅವನಿಗೆ ಇಪ್ಪತ್ತೊಂದು.

ಅವನ ಸಂಕಟ ಇಷ್ಟೇ. ಸಂಪಾಜೆಯವರೆಗೆ ಗಾಡಿ ಚೆನ್ನಾಗಿಯೇ ಓಡುತ್ತದೆ. ಘಾಟಿ ಶುರುವಾದೊಡನೆ ಉಸಿರು ಕಟ್ಟಿದವರ ಹಾಗೆ ಮಾಡುತ್ತದೆ. ಅವನ ಜೊತೆಗೆ ಧಕ್ಕೆಯಿಂದ ಹೊರಟ ಹೊಸ ಗಾಡಿಗಳು ಏಳೂಕಾಲಕ್ಕೆ ಮಡಿಕೇರಿ ತಲುಪಿದರೆ ಇವನದು ಎಂಟು ಗಂಟೆ. ಮೀನಿನ ವ್ಯಾಪಾರದಲ್ಲಿ ಮುಕ್ಕಾಲು ಗಂಟೆ ಎಂದರೇನು ಎಂಬುದು ಮೀನು ಕೊಳ್ಳುವ ನಮಗೆಲ್ಲ ಗೊತ್ತಿದೆ. ಬಂಗುಡೆಯ ಕಣ್ಣು ಸ್ವಲ್ಪ ಮಾಸಿದರೆ ನಾವೇ ಹತ್ತು ರೂಪಾಯಿ ಕಡಿಮೆ ಮಾಡಿ ಎನ್ನುತ್ತೇವಲ್ಲ!

ಸೂಪರ್‌ಚಾರ್ಜರಿನ ಹುಚ್ಚು ಅವನಿಗೆ ಹಿಡಿಸಿದ್ದು ಅವನ ತಂದೆಯೇ. ಇವರು ಸೌದಿಯಲ್ಲಿ ಒಂದು ಮನೆಯ ಡ್ರೈವರ್ ಆಗಿದ್ದರು. ಆ ಮನೆಯ ಹಿರಿಯ ಮಗನಿಗೆ ದೊಡ್ಡ ಪೆಟ್ರೋಲ್ ಪಿಕಪ್ ಇತ್ತು. ಅದಕ್ಕೆ ಸೂಪರ್‌ಚಾರ್ಜರ್ ಹಾಕಿಸಿ ಮರಳಿನ ದಿಬ್ಬ ಹತ್ತಿಸುತ್ತಿದ್ದನಂತೆ. ರಜೆಯಲ್ಲಿ ಊರಿಗೆ ಬಂದಾಗ ಇವರು ಮಕ್ಕಳನ್ನು ಕೂರಿಸಿ ಆ ಗಾಡಿಯ ಕೀರಲು ಶಬ್ದವನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದರು. ಮಗಳು ಕಿವಿ ಮುಚ್ಚಿಕೊಂಡು ಓಡಿದರೆ ಮಗ ಬಾಯಿ ತೆರೆದು ಕೂರುತ್ತಿದ್ದ. ಈಗ ಮೊಬೈಲಿನಲ್ಲಿ ಅಮೆರಿಕದವರ ವೀಡಿಯೊ ನೋಡಿ ನೋಡಿ ಹಳೆಯ ಆಸೆ ಮತ್ತೆ ಚಿಗುರಿತ್ತು.

"ಬಳೆ ಕೊಡ್ತೇನೋ ಇಲ್ಲವೋ, ಆಮೇಲೆ ನೋಡುವಾ. ಮೊದಲು ಅದು ಏನೆಂದು ನನಗೆ ಅರ್ಥ ಮಾಡಿಸು" ಎಂದೆ.

ಅವನು ಕೈಯಾಡಿಸುತ್ತಾ ಏನೇನೋ ಹೇಳಿದ. ತಲೆಗೆ ಹತ್ತಲಿಲ್ಲ. ಮರುದಿನ ಅವನೊಡನೆ ಗ್ಯಾರೇಜಿಗೇ ಹೋದೆ. ಗ್ಯಾರೇಜಿನ ಅಣ್ಣ ಇವರ ಕಾಲದಿಂದಲೂ ನಮ್ಮ ಗಾಡಿ ನೋಡುವವರು. ಎಣ್ಣೆ ಕೈ ಒರೆಸಿಕೊಂಡು ಒಂದು ಸ್ಟೂಲು ಹಾಕಿಕೊಟ್ಟರು. ನಾನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನಮ್ಮ ಅಡುಗೆಮನೆಯದ್ದೇ.

"ಅಕ್ಕ, ಸೌದೆ ಒಲೆಗೆ ಊದುಗೊಳವೆಯಲ್ಲಿ ಊದ್ತೀರಲ್ಲ? ಅದೇ ಇದು. ಇಂಜಿನಿನ ಒಳಗೂ ಬೆಂಕಿಯೇ. ಒಂದು ಕಿಲೊ ಡೀಸೆಲ್ ಪೂರ್ತಿ ಉರಿಯಬೇಕಾದರೆ ಹದಿನಾಲ್ಕೂವರೆ ಕಿಲೊ ಗಾಳಿ ಬೇಕು. ಈ ಗಾಡಿ ತಾನಾಗಿ ಎಷ್ಟು ಎಳೆದುಕೊಳ್ಳುತ್ತದೋ ಅಷ್ಟೇ ಗಾಳಿ ಇದಕ್ಕೆ. ಸೂಪರ್‌ಚಾರ್ಜರ್ ಇದ್ದರೆ ಗಾಳಿಯನ್ನು ಒತ್ತಿ ತುಂಬಿಸುತ್ತದೆ."

ಘಾಟಿಯಲ್ಲೇ ಯಾಕೆ ಸೋಲುತ್ತದೆ ಎಂಬುದೂ ಆಗ ತಿಳಿಯಿತು. ಧಕ್ಕೆ ಸಮುದ್ರದ ದಂಡೆಯಲ್ಲಿದೆ. ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ನೂರಕ್ಕೆ ಹತ್ತು ಹನ್ನೆರಡು ಪಾಲು ತೆಳುವಾಗಿರುತ್ತದೆ. ಏರು ಹೆಚ್ಚಾದಂತೆ ಇಂಜಿನಿಗೆ ಸಿಗುವ ಗಾಳಿ ಕಡಿಮೆಯಾಗುತ್ತಾ ಹೋಗುತ್ತದೆ. ಹೆಚ್ಚು ಶಕ್ತಿ ಬೇಕಾದಲ್ಲೇ ಉಸಿರು ಕಡಿಮೆ. ಮಗನ ದೂರು ಸುಳ್ಳಲ್ಲ ಎಂದು ನನಗೆ ಸ್ವಲ್ಪ ಸಮಾಧಾನವೇ ಆಯಿತು.

ಸೂಪರ್‌ಚಾರ್ಜರ್, ಟರ್ಬೊ ಎರಡೂ ಗಾಳಿ ಒತ್ತುವ ಯಂತ್ರಗಳೇ. ತಿರುಗಿಸುವ ಕೈ ಮಾತ್ರ ಬೇರೆ. ಸೂಪರ್‌ಚಾರ್ಜರನ್ನು ಇಂಜಿನ್ ತಾನೇ ಬೆಲ್ಟಿನಿಂದ ತಿರುಗಿಸಬೇಕು. ಅಂದರೆ ಕೊಡುವ ಶಕ್ತಿಯಲ್ಲಿ ಒಂದು ಪಾಲನ್ನು ಅದೇ ತಿನ್ನುತ್ತದೆ. ಟರ್ಬೊವನ್ನು ತಿರುಗಿಸುವುದು ಸೈಲೆನ್ಸರಿನ ಮೂಲಕ ಹೇಗೂ ಹೊರಗೆ ಹೋಗಲಿರುವ ಬಿಸಿ ಹೊಗೆ. ಪೋಲಾಗುವುದನ್ನು ಹಿಡಿದು ದುಡಿಸುವ ಲೆಕ್ಕ. ಅದಕ್ಕೇ ಡೀಸೆಲ್ ಗಾಡಿ ಮಾಡುವವರು ಹೆಚ್ಚಾಗಿ ಟರ್ಬೊವನ್ನೇ ಇಡುತ್ತಾರೆ. ಸೂಪರ್‌ಚಾರ್ಜರಿನ ಕಿಟ್‌ಗಳು ಮಾರಾಟವಾಗುವುದು ಹೆಚ್ಚಾಗಿ ಅಮೆರಿಕದ ದೊಡ್ಡ ಪೆಟ್ರೋಲ್ ಪಿಕಪ್‌ಗಳಿಗೆ. ಮಗಳು ಓದಿ ಹೇಳಿದ ಇನ್ನೊಂದು ಸಂಗತಿ ನನಗೆ ಇಷ್ಟವಾಯಿತು. ಇಂದಿಗೂ ಅಲ್ಲಿ ಬಳಕೆಯಲ್ಲಿರುವ ಒಂದು ಬಗೆಯ ಸೂಪರ್‌ಚಾರ್ಜರಿಗೆ ಮೂಲ ಅಮೆರಿಕದ ರೂಟ್ಸ್ ಎಂಬ ಅಣ್ಣತಮ್ಮಂದಿರು 1860ರಲ್ಲಿ ಪೇಟೆಂಟ್ ಪಡೆದ ಗಾಳಿ ಊದುವ ಯಂತ್ರ. ಅವರು ಉಣ್ಣೆ ಗಿರಣಿಯವರು. ಆಗ ರಸ್ತೆಯ ಮೇಲೆ ಕಾರೇ ಇರಲಿಲ್ಲ! ಟರ್ಬೊದ ಪೇಟೆಂಟ್ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರನದ್ದು, 1905ರದ್ದು.

ಇನ್ನು ಬೆಲೆ. ಅಮೆರಿಕದ ಕಿಟ್ ಎಂದರೆ ಐದಾರು ಸಾವಿರ ಡಾಲರಿನ ಮೇಲೆಯೇ. ನಮ್ಮ ಹಣದಲ್ಲಿ ನಾಲ್ಕೈದು ಲಕ್ಷ ದಾಟುತ್ತದೆ. ತರಿಸುವ ಖರ್ಚು, ಸುಂಕ ಬೇರೆ. ಅದೂ ಆ ಗಾಡಿಗಳ ಅಳತೆಗೆ ಮಾಡಿದ್ದು, ನಮ್ಮದಕ್ಕೆ ಕೂರುವುದಿಲ್ಲ. ನಮ್ಮ ಇಡೀ ಪಿಕಪ್ ಮಾರಿದರೂ ಮೂರು ಲಕ್ಷ ಸಿಗುವುದು ಕಷ್ಟ. "ಕುದುರೆಗಿಂತ ಜೀನು ದುಬಾರಿ" ಎಂದು ಇವರು ಚಾವಡಿಯಿಂದಲೇ ಹೇಳಿದರು. ಮಗ ಸುಮ್ಮನಾದ.

ಸುಮ್ಮನಾದ ಎಂದುಕೊಂಡದ್ದು ನನ್ನ ತಪ್ಪು. ಹತ್ತು ದಿನದ ಬಳಿಕ ಕೊರಿಯರ್‌ನವನು ಒಂದು ಪೊಟ್ಟಣ ತಂದುಕೊಟ್ಟ. ಒಳಗೆ ಅಂಗೈಯಗಲದ ಒಂದು ಫ್ಯಾನು, ಎರಡು ವಯರು, ಒಂದು ರಬ್ಬರ್ ಪೈಪು. ಮೇಲೆ 'ಎಲೆಕ್ಟ್ರಿಕ್ ಸೂಪರ್‌ಚಾರ್ಜರ್' ಎಂದು ಬರೆದಿತ್ತು. ಬೆಲೆ 3,200 ರೂಪಾಯಿ. ಬ್ಯಾಟರಿಗೆ ಜೋಡಿಸಿದರೆ ಸಾಕು, ಶಕ್ತಿ ಹೆಚ್ಚುತ್ತದೆ, ಡೀಸೆಲ್ ಉಳಿಯುತ್ತದೆ ಎಂದು ಜಾಹೀರಾತಿನಲ್ಲಿ ಇತ್ತಂತೆ.

ಗ್ಯಾರೇಜಿನ ಅಣ್ಣ ಅದನ್ನು ಕೈಯಲ್ಲಿ ತೂಗಿ ನೋಡಿದರು. ಬೈಯಲಿಲ್ಲ. ಒಂದು ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಬರೆದರು. ಎರಡೂವರೆ ಲೀಟರಿನ ಇಂಜಿನ್ ಎರಡು ಸುತ್ತಿಗೊಮ್ಮೆ ಎರಡೂವರೆ ಲೀಟರ್ ಗಾಳಿ ನುಂಗುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ 3,750 ಲೀಟರ್ ಆಯಿತು. "ಮನೆಯ ಟೆರೇಸಿನ ಮೇಲಿರುವ ಸಾವಿರ ಲೀಟರಿನ ಟ್ಯಾಂಕಿಯಷ್ಟು ಗಾಳಿ ಹತ್ತಿರ ಹತ್ತಿರ ನಾಲ್ಕು ಬೇಕು, ಒಂದೇ ನಿಮಿಷಕ್ಕೆ. ಅದರ ಮೇಲೂ ಒತ್ತಬೇಕು. ಈ ಫ್ಯಾನ್ ಎಂತ ಒತ್ತುತ್ತದೆ ಮಾರಾಯ? ಇಂಜಿನ್ ಎಳೆಯುವ ಗಾಳಿಗೆ ಇದೇ ಅಡ್ಡ ನಿಲ್ಲುತ್ತದೆ." ನಿಜವಾಗಿ ಗಾಳಿ ಒತ್ತುವ ವಿದ್ಯುತ್ ಯಂತ್ರಕ್ಕೆ ಸಾವಿರಾರು ವ್ಯಾಟ್ ಬೇಕು, ನಮ್ಮ ಗಾಡಿಯ ಬ್ಯಾಟರಿಯಿಂದ ಅದು ಆಗುವ ಕೆಲಸವಲ್ಲ ಎಂದೂ ಹೇಳಿದರು. ಮಗನ ಕಿವಿ ಕೆಂಪಾಯಿತು. 3,200 ರೂಪಾಯಿ ಎಂದರೆ ಅವನ ಎರಡು ರಾತ್ರಿಯ ನಿದ್ದೆ. ಸಹೋದರಿಯರೇ, ಇಂತಹ ಪೊಟ್ಟಣ ನಿಮ್ಮ ಮನೆಗೂ ಬರಬಹುದು. ಕಡಿಮೆ ಬೆಲೆಯ ಸೂಪರ್‌ಚಾರ್ಜರ್ ಎಂದು ಯಾರಾದರೂ ಹೇಳಿದರೆ ಮೊದಲು ಅದನ್ನು ತಿರುಗಿಸುವುದು ಯಾವುದು ಎಂದು ಕೇಳಿ. ಬೆಲ್ಟೂ ಅಲ್ಲ, ಹೊಗೆಯೂ ಅಲ್ಲ, ಒಂದು ಸಣ್ಣ ವಯರು ಎಂದಾದರೆ ಹಣ ಪೆಟ್ಟಿಗೆಯಲ್ಲೇ ಇರಲಿ.

ಆ ಫ್ಯಾನು ಈಗ ಇವರ ಕೈಯಲ್ಲಿದೆ. ಹಳೆಯ ಬ್ಯಾಟರಿಗೆ ಜೋಡಿಸಿ ಬಕ್ರೀದ್‌ಗೆ ಕೆಂಡ ಊದಲು ಇಟ್ಟುಕೊಂಡಿದ್ದಾರೆ. ಕಬಾಬಿಗೆ ಒಳ್ಳೆಯ ಗಾಳಿ.

ಮೂರನೆಯ ದಾರಿಯೊಂದು ಉಳಿದಿತ್ತು. ಗುಜರಿಯಲ್ಲಿ ಸಿಗುವ ಹಳೆಯ ಟರ್ಬೊ ತಂದು ನಮ್ಮ ಇಂಜಿನಿಗೆ ಕೂರಿಸುವುದು. ಮಂಗಳೂರಿನ ಒಂದು ವರ್ಕ್‌ಶಾಪಿನವರು 68,000 ರೂಪಾಯಿಗೆ ಮಾಡಿಕೊಡುತ್ತೇವೆ ಎಂದರು. ಒಂದು ಫೈನಾನ್ಸಿನವರು ಸಾಲ ಕೊಡಲು ತಯಾರಿದ್ದರು, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ. ಇವರು ಅಲ್ಲೇ ತಡೆದರು. "ಬಡ್ಡಿಯ ಹಣದ ಗಾಡಿಯಲ್ಲಿ ನನ್ನ ಮಗ ಘಾಟಿ ಹತ್ತುವುದು ಬೇಡ" ಎಂದರು. ಇವರು ಹೆಚ್ಚು ಮಾತನಾಡುವವರಲ್ಲ. ಹಾಗಾಗಿ ಬಳೆಯ ಮಾತು ಮತ್ತೆ ಎದ್ದಿತು.

ನಾನು ಹೆಚ್ಚುಕಡಿಮೆ ಒಪ್ಪಿಬಿಟ್ಟಿದ್ದೆ. ಆದರೆ ಗ್ಯಾರೇಜಿನ ಅಣ್ಣ ಮತ್ತೆ ಅಡ್ಡ ಬಂದರು. ಟರ್ಬೊ ಎಂಬುದು ಒಂದು ಬಿಡಿಭಾಗವಲ್ಲ, ಒಂದು ಸಂಸಾರ ಎಂದರು. ಅದು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಹೆಚ್ಚು ತಿರುಗುತ್ತದೆ. ಅದರ ಬೇರಿಂಗಿಗೆ ಸದಾ ಶುದ್ಧ ಇಂಜಿನ್ ಆಯಿಲ್ ಹೋಗುತ್ತಿರಬೇಕು. ಆಯಿಲ್ ಕ್ಷಣ ಹೊತ್ತು ನಿಂತರೂ ಸುಟ್ಟುಹೋಗುತ್ತದೆ. ಗುಜರಿಗೆ ಬಂದ ಟರ್ಬೊ ಯಾಕೆ ಗುಜರಿಗೆ ಬಂತು ಎಂದು ಯಾರೂ ಹೇಳುವುದಿಲ್ಲ. ಬರೀ ಗಾಳಿ ಹೆಚ್ಚಿಸಿದರೆ ಡೀಸೆಲ್ ಇಂಜಿನಿಗೆ ಶಕ್ತಿ ಬರುವುದೂ ಇಲ್ಲ, ಪಂಪು ತಿರುಚಿ ಡೀಸೆಲನ್ನೂ ಹೆಚ್ಚಿಸಬೇಕು. ಆಗ ಒಳಗೆ ಬಿಸಿ ಹೆಚ್ಚುತ್ತದೆ. ಕಂಪೆನಿಯವರು ಟರ್ಬೊಗೆಂದೇ ಮಾಡಿದ ಇಂಜಿನಿನಲ್ಲಿ ಪಿಸ್ಟನ್, ಗ್ಯಾಸ್ಕೆಟ್, ತಂಪು ಮಾಡುವ ವ್ಯವಸ್ಥೆ ಎಲ್ಲ ಅದಕ್ಕೆ ತಕ್ಕಂತೆ ಇರುತ್ತವೆ. ನಮ್ಮದರಲ್ಲಿ ಇಲ್ಲ. "ಘಾಟಿಯ ನಡುವೆ ಹೆಡ್ ಗ್ಯಾಸ್ಕೆಟ್ ಹೋದರೆ ಅರುವತ್ತೆಂಟು ಸಾವಿರದ ಜೊತೆ ಇಂಜಿನ್ನೂ ಹೋಯಿತು ಅಕ್ಕ."

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ನಮ್ಮಂಥ ಹಳೆಯ ಸರಕು ಗಾಡಿ ಪ್ರತಿ ವರ್ಷ ಎಫ್‌ಸಿಗೆ ಹೋಗಬೇಕು. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೇ ಇಂಥದ್ದನ್ನು.

ಮಗ ಕೋಪದಿಂದ ಎದ್ದು ಹೋದ. "ಯಾರಿಗೂ ನನ್ನ ಕಷ್ಟ ಗೊತ್ತಿಲ್ಲ" ಎಂದು ಹೋಗುವಾಗ ಹೇಳಿದ್ದು ನನ್ನ ಕಿವಿಯಲ್ಲೇ ಉಳಿಯಿತು. ನಿಜವೇ ಅಲ್ಲವೇ? ನಾಲ್ಕು ವರ್ಷದಿಂದ ಅವನು ಆ ಗಾಡಿ ಓಡಿಸುತ್ತಿದ್ದಾನೆ. ಒಂದು ದಿನವೂ ನಾನು ಅದರಲ್ಲಿ ಘಾಟಿ ಹತ್ತಿದವಳಲ್ಲ. ಅವನು ಹೊರಡುವಾಗ ಬಾಗಿಲಲ್ಲಿ ನಿಂತು ದುಆ ಮಾಡುವುದು, ಹಿಂತಿರುಗಿದಾಗ ಗಂಜಿ ಬಡಿಸುವುದು. ನಡುವಿನ ಹದಿನಾಲ್ಕು ಗಂಟೆಯಲ್ಲಿ ಏನಾಗುತ್ತದೆ ಎಂಬುದು ಗೊತ್ತೇ ಇಲ್ಲ.

ಮಡಿಕೇರಿಯಲ್ಲಿ ನನ್ನ ಅಕ್ಕನ ಮನೆ ಇದೆ. ಅದನ್ನೇ ನೆಪ ಮಾಡಿಕೊಂಡು, "ನಾಳೆ ನಾನೂ ಬರ್ತೇನೆ" ಎಂದೆ. ಅವನಿಗೆ ಇಷ್ಟವಿರಲಿಲ್ಲ. "ಮೀನಿನ ವಾಸನೆ ಉಂಟು, ಸೀಟು ಸರಿ ಇಲ್ಲ" ಎಂದ. ನಾನು ಹೊರಟೇ ಬಿಟ್ಟೆ.

ಧಕ್ಕೆಯಲ್ಲಿ ಮೂರು ಗಂಟೆ ರಾತ್ರಿಗೆ ಹಗಲಿನಷ್ಟು ಬೆಳಕು, ಗಲಾಟೆ. ನಾನು ಗಾಡಿಯ ಒಳಗೇ ಕುಳಿತೆ. ಹೊರಗೆ ಎಪ್ಪತ್ತು ದಾಟಿದ ಹೆಂಗಸರು ಬುಟ್ಟಿ ಹಿಡಿದು ಗಂಡಸರೊಡನೆ ಸಮಕ್ಕೆ ಸಮ ಚೌಕಾಸಿ ಮಾಡುತ್ತಿದ್ದರು. ಅವರನ್ನು ನೋಡುವಾಗ ನನ್ನ ನಿದ್ದೆಗಣ್ಣಿಗೆ ನಾಚಿಕೆಯಾಯಿತು. ಹಿಂದೆ ಬಾಕ್ಸ್ ತುಂಬಿಸುವ ಶಬ್ದ ಕೇಳುತ್ತಿತ್ತು. ಮನೆಯಲ್ಲಿ ತಸ್ಬೀಹ್ ಎಣಿಸುವ ಅಭ್ಯಾಸವೋ ಏನೋ, ಬೆರಳು ತಾನಾಗಿ ಎಣಿಸಲು ತೊಡಗಿತು. ಮೂವತ್ತು, ಮೂವತ್ತೈದು, ನಲವತ್ತು. ನಲವತ್ತೈದಕ್ಕೆ ನಿಂತಿತು. ಗಾಡಿ ಪ್ರತಿ ಬಾಕ್ಸಿಗೂ ಕುಳಿತುಕೊಳ್ಳುತ್ತಾ ಹೋದದ್ದು ನನ್ನ ಸೀಟಿಗೂ ಗೊತ್ತಾಗುತ್ತಿತ್ತು.

ಫಜ್ರ್‌ಗೆ ದಾರಿಯಲ್ಲೇ ಇರುವ ನಮ್ಮ ಮನೆಯಲ್ಲಿ ಇಳಿದು ನಮಾಝ್ ಮಾಡಿ ಮತ್ತೆ ಹೊರಟೆವು. ಸಂಪಾಜೆ ದಾಟಿತು. ಕೊಯಿನಾಡು ಕಳೆದು ಏರು ಬಿಗಿಯಾದಾಗ ಮಗನ ಮಾತು ನಿಂತಿತು. ಮೂರನೇ ಗೇರು, ಎರಡನೇ ಗೇರು, ಒಂದು ತಿರುವಿನಲ್ಲಿ ಒಂದನೇ ಗೇರು. ಹಿಂದೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಕನ್ನಡಿಯಲ್ಲಿ ನೋಡಿದೆ, ನಮ್ಮ ಹಿಂದೆ ಕಪ್ಪು ಹೊಗೆಯ ಪರದೆ. ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಸರಿಯುತ್ತಿತ್ತು. ಜೋಡುಪಾಲದ ಹತ್ತಿರ, 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆಗಳನ್ನೇ ಕೊಚ್ಚಿಕೊಂಡು ಹೋದ ಜಾಗದಲ್ಲಿ, ನಾನು ಸೀಟಿನ ಕಂಬಿ ಹಿಡಿದುಕೊಂಡೆ. ಮದೆನಾಡಿನಲ್ಲಿ ಅವನು ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಬಾಟಲಿಯಲ್ಲಿ ತಂದ ನೀರನ್ನು ಹಿಡಿದುಕೊಂಡು ಬಿಸಿ ಇಳಿಯಲು ಕಾದು ನಿಂತ. ದಿನವೂ ಹೀಗೆಯಾ ಎಂದು ಕೇಳಿದೆ. ಹೂಂ ಎಂದ.

"ಒಂದು ಬಾಕ್ಸ್ ಎಷ್ಟು ತೂಕ?"

"ಐಸ್ ಸೇರಿ ನಲವತ್ತು ಕಿಲೊ ಬರ್ತದೆ."

"ಗಾಡಿಗೆ ಎಷ್ಟು ಹಾಕಬಹುದು?"

ಉತ್ತರ ಬರಲಿಲ್ಲ. ಆರ್‌ಸಿಯಲ್ಲಿ ಇದೆ ಎಂದು ನನಗೂ ಗೊತ್ತಿತ್ತು. 1,250 ಕಿಲೊ. ನಲವತ್ತೈದು ಬಾಕ್ಸ್ ಎಂದರೆ 1,800. ಐನೂರೈವತ್ತು ಕಿಲೊ ಹೆಚ್ಚುವರಿ, ಎಂಟು ಜನ ದೊಡ್ಡವರನ್ನು ಬಾಕ್ಸ್‌ಗಳ ಮೇಲೆ ಕೂರಿಸಿಕೊಂಡು ಹೋದ ಹಾಗೆ. ಮುಂಚೆ ಇವರು ಓಡಿಸುವಾಗ ಮೂವತ್ತರ ಮೇಲೆ ಹಾಕಿದವರಲ್ಲ.

"ಯಾವಾಗಿನಿಂದ ನಲವತ್ತೈದು?" ಎಂದೆ.

ಅವನು ರೇಡಿಯೇಟರಿನ ಕಡೆಗೆ ನೋಡುತ್ತಲೇ, "ತಂಗಿಯ ಕಾಲೇಜು ಶುರುವಾದಾಗಿನಿಂದ" ಎಂದ.

ಆ ಮಾತಿಗೆ ನನ್ನ ಬಳಿ ಏನೂ ಇರಲಿಲ್ಲ. ಮಗಳು ನರ್ಸಿಂಗ್ ಸೇರಬೇಕು ಎಂದು ಹಟ ಹಿಡಿದವಳು ನಾನು. ಫೀಸಿಗೆ ಏನಾದರೂ ಮಾಡು ಮಗಾ ಎಂದು ಹೇಳಿದವಳೂ ನಾನು. ಅವನು ಏನು ಮಾಡಿದ ಎಂದು ಆಮೇಲೆ ಕೇಳಲಿಲ್ಲ. ತಿಂಗಳ ಕೊನೆಗೆ ಹಣ ಬಂತು, ಅಲ್‌ಹಮ್‌ದುಲಿಲ್ಲಾಹ್ ಎಂದು ತೆಗೆದಿಟ್ಟೆ. ಆ ಹೆಚ್ಚಿನ ಹದಿನೈದು ಬಾಕ್ಸ್‌ಗಳನ್ನು ಅವನ ಗಾಡಿಗೆ ಹಾಕಿದ್ದು ಧಕ್ಕೆಯ ಕೂಲಿಯವರಲ್ಲ.

ಇವನು ಸಣ್ಣವನಿದ್ದಾಗ ರಾತ್ರಿ ಒಂದು ಕಥೆ ಹೇಳುತ್ತಿದ್ದೆ. ಪ್ರವಾದಿವರ್ಯರು(ಸ) ಮದೀನಾದ ಒಬ್ಬ ಅನ್ಸಾರಿಯ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ನರಳಿ ಕಣ್ಣೀರು ಸುರಿಸಿದ ಘಟನೆ. ಅವರು ಅದರ ತಲೆ ಸವರಿ, ಇದು ಯಾರದ್ದೆಂದು ವಿಚಾರಿಸಿ, ಹೊಟ್ಟೆಗೆ ಕೊಡದೆ ಅತಿಯಾಗಿ ದುಡಿಸುತ್ತೀ ಎಂದು ಇದು ನನ್ನಲ್ಲಿ ದೂರುತ್ತಿದೆ ಎಂದು ಆ ಯುವಕನನ್ನು ಎಚ್ಚರಿಸಿದ್ದರು. ಒಂಟೆ ಹೇಗೆ ಅಳುತ್ತದೆ ಉಮ್ಮಾ ಎಂದು ಇವನು ಕೇಳುತ್ತಿದ್ದ. ಮದೆನಾಡಿನ ಆ ರಸ್ತೆ ಬದಿಯಲ್ಲಿ ರೇಡಿಯೇಟರ್ ಬುಸುಗುಡುವಾಗ ನನಗೆ ಅದು ನೆನಪಾಯಿತು. ಆದರೆ ಅವನಿಗೆ ಹೇಳಲಿಲ್ಲ. ಆ ಹೊತ್ತಿನಲ್ಲಿ ದೂರು ಕೊಡಬೇಕಾದದ್ದು ಗಾಡಿ ಮಾತ್ರವಲ್ಲ, ಅವನೂ ಹೌದು ಅನಿಸಿತು.

ಮನೆಗೆ ಬಂದ ಮೇಲೆ ಇವರು, ನಾನು, ಮಗ, ಮಗಳು ಕುಳಿತು ಲೆಕ್ಕ ಹಾಕಿದೆವು. ಬಾಕ್ಸಿಗೆ 140 ರೂಪಾಯಿ ಬಾಡಿಗೆ. ನಲವತ್ತೈದಕ್ಕೆ 6,300. ಹೋಗಿ ಬರಲು 276 ಕಿಲೋಮೀಟರ್. ಗಾಡಿ ಲೀಟರಿಗೆ ಒಂಬತ್ತು ಕೊಡುತ್ತಿತ್ತು. ಸುಮಾರು 31 ಲೀಟರ್ ಡೀಸೆಲ್, ಲೀಟರಿಗೆ 90ರ ಲೆಕ್ಕದಲ್ಲಿ 2,760 ಹೋಗುತ್ತದೆ. ಉಳಿಯುವುದು ಮೂರೂವರೆ ಸಾವಿರ. ಮೂವತ್ತೇ ಬಾಕ್ಸ್ ಹಾಕಿದರೆ 4,200ರಲ್ಲಿ ಡೀಸೆಲ್ ಕಳೆದು 1,700 ಉಳಿದರೆ ಹೆಚ್ಚು. ಅಂದರೆ ಅವನ ಸಂಪಾದನೆಯ ಅರ್ಧ ನಿಂತಿರುವುದೇ ಹೆಚ್ಚುವರಿ ಭಾರದ ಮೇಲೆ. ಕಾಗದದಲ್ಲಿ ನೋಡುವಾಗ ನನಗೆ ನಡುಕ ಬಂತು. ಓವರ್‌ಲೋಡಿಗೆ 2019ರ ತಿದ್ದುಪಡಿಯ ಬಳಿಕ ದಂಡ 20,000 ರೂಪಾಯಿ. ಹೆಚ್ಚಿನ ಪ್ರತಿ ಟನ್ನಿಗೆ ಎರಡು ಸಾವಿರ ಬೇರೆ. ಒಮ್ಮೆ ಸಿಕ್ಕಿಬಿದ್ದರೆ ಹನ್ನೆರಡು ದಿನದ ಲಾಭ ಅಲ್ಲಿಗೇ ಮುಗಿಯಿತು. ಇಳಿಯುವಾಗ ಬ್ರೇಕ್ ಹಿಡಿಯದಿದ್ದರೆ ಏನಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

"ಸೂಪರ್‌ಚಾರ್ಜರ್ ಹಾಕಿದ್ದರೆ ನೀನು ಐವತ್ತೈದು ಬಾಕ್ಸ್ ಹಾಕುತ್ತಿದ್ದೆ" ಎಂದರು ಇವರು. ಮಗ ಇಲ್ಲವೆನ್ನಲಿಲ್ಲ.

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಧಕ್ಕೆಯಲ್ಲಿ ಕೆಲಸ ಕಡಿಮೆ. ಆ ಸಮಯ ನೋಡಿ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟೆವು. ಅಣ್ಣ ಏರ್ ಫಿಲ್ಟರ್ ಬಿಚ್ಚಿ ನನಗೆ ತೋರಿಸಿದರು. ಧೂಳು ಮೆತ್ತಿ ಹಪ್ಪಳದ ಹಾಗಾಗಿತ್ತು. "ಮೂಗು ಕಟ್ಟಿದವನ ಕೈಯಲ್ಲಿ ಪೀಪಿ ಊದಿಸ್ತಾ ಇದ್ದ ನಿಮ್ಮ ಮಗ" ಎಂದರು. ಕಪ್ಪು ಹೊಗೆ ಬಂದರೆ ಡೀಸೆಲ್ ಇದೆ, ಗಾಳಿ ಸಾಲುತ್ತಿಲ್ಲ ಎಂದರ್ಥವಂತೆ. ಇಷ್ಟು ದಿನ ಕಣ್ಣೆದುರಿಗೇ ಇದ್ದ ಉತ್ತರ. ಫಿಲ್ಟರ್ ಮತ್ತು ಹರಿದ ಹೋಸಿಗೆ 1,450. ನಾಲ್ಕು ಇಂಜೆಕ್ಟರ್ ಪರೀಕ್ಷಿಸಿ ಸರಿಪಡಿಸಲು 7,200. ಕ್ಲಚ್ 9,800. ಹಿಂದಿನ ಒಂದು ಬ್ರೇಕು ಬಿಡದೆ ಹಿಡಿದುಕೊಂಡೇ ಇತ್ತು, ಏರುವಾಗಲೂ ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಅದಕ್ಕೆ 6,300. ರೇಡಿಯೇಟರ್ ತೊಳೆದು ಬೆಲ್ಟ್ ಬದಲಿಸಿದ್ದಕ್ಕೆ 2,650. ಒಟ್ಟು 27,400.

ಜಮಾಅತ್‌ನ ಬಡ್ಡಿರಹಿತ ಸಾಲದ ನಿಧಿಯಿಂದ 20,000 ಸಿಕ್ಕಿತು. ಉಳಿದದ್ದು ನನ್ನ ಹೊಲಿಗೆಯ ಹಣ. ಬಳೆಗಳು ಕಪಾಟಿನಲ್ಲೇ ಉಳಿದವು.

ಆಗಸ್ಟಿನಲ್ಲಿ ಮತ್ತೆ ಕೆಲಸ ಶುರುವಾಯಿತು. ಮೂವತ್ತೊಂದು ಬಾಕ್ಸ್, ಅದಕ್ಕಿಂತ ಹೆಚ್ಚಿಲ್ಲ ಎಂದು ಮಾತಾಗಿದೆ. 1,240 ಕಿಲೊ. ಲೀಟರಿಗೆ ಹನ್ನೊಂದು ಕೊಡುತ್ತಿದೆ. ಏಳೂವರೆಯ ಹೊತ್ತಿಗೆ ಮಡಿಕೇರಿಯಲ್ಲಿರುತ್ತಾನೆ. ಟರ್ಬೊ ಗಾಡಿಗಳಿಗೆ ಈಗಲೂ ಹತ್ತು ಹದಿನೈದು ನಿಮಿಷ ಹಿಂದೆಯೇ, ಅದನ್ನು ದಿನಕ್ಕೊಮ್ಮೆ ನನಗೆ ಕೇಳಿಸುವಂತೆ ಹೇಳುತ್ತಾನೆ. ಸಮಯಕ್ಕೆ ಬರುತ್ತದೆ ಎಂದು ಇಬ್ಬರು ದೊಡ್ಡ ವ್ಯಾಪಾರಿಗಳು ಬಾಡಿಗೆಯನ್ನು 160ಕ್ಕೆ ಏರಿಸಿದರು. ಉಳಿದವರೂ ಗೊಣಗುತ್ತಾ ಒಪ್ಪಿದರು. ಒಬ್ಬರು ಮಾತ್ರ ಬಿಟ್ಟು ಹೋದರು. 4,960ರಲ್ಲಿ ಡೀಸೆಲ್ 2,260 ಕಳೆದರೆ 2,700. ವಾರಕ್ಕೆ ಮೂರು ದಿನ ಹಿಂತಿರುಗುವಾಗ ಸುಳ್ಯದ ಅಂಗಡಿಗಳಿಗೆ ತರಕಾರಿ ತರುತ್ತಾನೆ, ದಿನಕ್ಕೆ 1,200 ಸಿಗುತ್ತದೆ. ಹಳೆಯ ಮೂರೂವರೆ ಸಾವಿರಕ್ಕೆ ಇನ್ನೂ ಸ್ವಲ್ಪ ಕಡಿಮೆಯೇ. ಆ ಸ್ವಲ್ಪಕ್ಕಾಗಿ ಮಗಳು ಸಂಜೆ ನೆರೆಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದಾಳೆ. ನಾನು ತಿಂಗಳಿಗೆ ನಾಲ್ಕು ಚೂಡಿದಾರ್ ಹೆಚ್ಚು ಹೊಲಿಯುತ್ತೇನೆ. ಜಮಾಅತ್‌ನ ಕಂತು ತಪ್ಪಿಲ್ಲ.

ಅವನ ಆಸೆ ಹೋಗಿಲ್ಲ. ಈ ಸಾಲ ತೀರಿದ ಮೇಲೆ ಇದನ್ನು ಕೊಟ್ಟು, ಕಂಪೆನಿಯಿಂದಲೇ ಟರ್ಬೊ ಇರುವ ಸೆಕೆಂಡ್ ಹ್ಯಾಂಡ್ ಗಾಡಿ ತೆಗೆಯುವುದೆಂದು ಹೇಳುತ್ತಿದ್ದಾನೆ. ಗ್ಯಾರೇಜಿನ ಅಣ್ಣನೂ ಅದು ಸರಿಯಾದ ದಾರಿ ಎನ್ನುತ್ತಾರೆ. ಆಗಲಿ, ಇನ್‌ಶಾ ಅಲ್ಲಾಹ್. ಅದು ಬಂದರೆ ಘಾಟಿ ಹತ್ತಿದೊಡನೆ ಇಂಜಿನ್ ಬಂದ್ ಮಾಡಬಾರದು, ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಟ್ಟು ಟರ್ಬೊ ತಣಿಯಬೇಕು ಎಂಬುದನ್ನೂ ನಾನೇ ಅವನಿಗೆ ಹೇಳಿಕೊಡುವಷ್ಟು ಕಲಿತಿದ್ದೇನೆ.

ಈಗ ದಿನವೂ ಮಡಿಕೇರಿ ತಲುಪಿದ ಮೇಲೆ ಅವನು ಒಂದು ಫೋನು ಮಾಡಬೇಕು. ತಲುಪಿದೆ ಎನ್ನಬೇಕು, ಎಷ್ಟು ಬಾಕ್ಸ್ ಎಂದೂ ಹೇಳಬೇಕು. ಮೊನ್ನೆ ಬೆಳಿಗ್ಗೆ ಏಳು ಮೂವತ್ತೈದಕ್ಕೆ ಫೋನು ಬಂತು.

"ತಲುಪಿದೆ ಉಮ್ಮಾ."

"ಎಷ್ಟು?"

ಸ್ವಲ್ಪ ತಡೆದು ಹೇಳಿದ, "ಮೂವತ್ತಮೂರು. ಅವರು ಬಹಳ ಒತ್ತಾಯ ಮಾಡಿದರು."

ನಾನು ಏನೂ ಹೇಳಲಿಲ್ಲ. ಅವನೂ ಫೋನು ಇಡಲಿಲ್ಲ. ಅತ್ತ ಯಾರೋ ಬಾಕ್ಸ್ ಇಳಿಸುತ್ತಿರುವ ಶಬ್ದ ಕೇಳುತ್ತಿತ್ತು. "ನಾಳೆ ಮೂವತ್ತೊಂದೇ" ಎಂದ.